ಮೂರು ಪಾಲಾದ ಡೈನೋಸಾರ್

ಬೇಡಕಿಹಾಳ, ತಾ. ಚಿಕ್ಕೋಡಿ
೨೮ ಅಕ್ಟೋಬರ್ ೨೦೧೨, ರವಿವಾರ

ನನ್ನ ಮುದ್ದಿನ ಮೊಮ್ಮಗಳು ಕೋಮಲಗೆ ನಿನ್ನ ಆಯಿ ಮಾಡುವ ಆಶೀರ್ವಾದಗಳು.

ಹೇಗಿದ್ದೀ ಮಗಳೆ? ಮೊದಲು ನಿನ್ನ ಕಾಲಿನ ಸುದ್ದಿ ಬರಿ. ದಸರೆಯ ಓಟಕ್ಕೆ ಹೋದಾಗ ಉಳುಕಿದ ಪಾದ ನೆಟ್ಟಗಾಯಿತೆ? ಎಣ್ಣೆ ಬಿಸಿ ಮಾಡಿ ಅರಿಸಿನ ಕಲಸಿ ಹಚ್ಚಿಕೋ, ಮುಲಾಮು ಮುಲಾಮು ಎಂದು ಟ್ಯೂಬು ಹಿಂಡುತ್ತ ಕೂಡಬೇಡ. ನಿನ್ನ ಕೋಣೆಯ ಗೆಳತಿ, ಅನಂತಪುರದ ಸುಂದರಾ ಹೇಗಿದ್ದಾಳೆ? ಅವಳ ಜ್ವರ ಬಿಟ್ಟಿತೆ? ಅಡಿಗೆಯ ಲಕ್ಷ್ಮಿಬಾಯಿಯವರ ಸೊಂಟನೋವು ಹೇಗಿದೆ? ಅವರು ರೊಟ್ಟಿ ದಪ್ಪ ತಟ್ಟುತ್ತಾರೆಂದು ಬರೆದಿದ್ದೀ. ಅಷ್ಟು ಹುಡುಗಿಯರಿಗೆ ತಟ್ಟುವ ಕೈ ಅದು, ದಪ್ಪವಾದರೂ ಸುಮ್ಮನೆ ಉಣ್ಣು. ಅವರಿಗೆ ನನ್ನ ಶರಣು ತಿಳಿಸು.

ಇಲ್ಲಿ ನಿನ್ನ ಅಪ್ಪ ಬೀರದೇವ, ಅವ್ವ ಶೇವಂತಾ ಸುಖವಾಗಿದ್ದಾರೆ. ಮುತ್ಯಾನ ಕೆಮ್ಮು ಬೀಡಿಯಷ್ಟೇ ಹಟಮಾರಿ, ಎರಡೂ ಹಾಗೆಯೇ ಇವೆ. ಮನೆ ಪಾಲಾದಾಗ ಎದ್ದ ಗೋಡೆಯ ಆಚೆ ಉತ್ತಮ ಕಾಕಾ, ಸಾರಿಕಾ ಕಾಕು, ಅವರ ಮಗಳು ನಿನ್ನ ತಂಗಿ ನೀಲಮ ಎಲ್ಲರೂ ಆರಾಮ. ಗೋಡೆಯ ಆಚೆಯ ಕ್ಷೇಮವನ್ನು ನಾನೇ ಬರೆಯಬೇಕು, ಏಕೆಂದರೆ ಎರಡೂ ಕಡೆ ಉಣ್ಣುವವರು ನಾನು ಮತ್ತು ಮುತ್ಯಾ ಇಬ್ಬರೇ. ಮಧ್ಯಾಹ್ನ ಈಚೆಗೆ, ರಾತ್ರಿ ಆಚೆಗೆ. ಸಾರಿಕಾಳ ಪಲ್ಯದಲ್ಲಿ ಖಾರ ಜಾಸ್ತಿ, ನಿನ್ನವ್ವನದರಲ್ಲಿ ಉಪ್ಪು ಕಡಿಮೆ. ಕೂಡಿದ್ದಾಗ ಒಂದಕ್ಕೊಂದು ಸರಿಹೋಗುತ್ತಿತ್ತು.

ಈಗ ದೊಡ್ಡ ಸುದ್ದಿ. ಗೆದ್ದೆವು ಮಗಳೆ! ನಿಮ್ಮ ಆಟದ ಊರು ಉಳಿಯಿತು. ಯಂತ್ರ ಸಂತೆಗೆ ಹೋಗುವುದು ತಪ್ಪಿತು. ನೀನು ಹಗಲೂ ರಾತ್ರಿ ಕನವರಿಸುತ್ತಿದ್ದ ಆ ಉದ್ದ ಕುತ್ತಿಗೆಯ ಡೈನೋಸಾರ್ ಎದ್ದು ನಿಂತಿತು! ಯಾವ ಸಂತೆ, ಮಾರುವವರು ಯಾರು ಎಂದು ನೀನು ಗಾಬರಿಯಾಗುತ್ತೀ, ಗೊತ್ತು. ಗಾಬರಿಯಾಗುವ ಕಾಲ ಕಳೆದ ಮೇಲೆ ಬರೆಯೋಣವೆಂದೇ ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆ. ಈಗ ಮೊದಲಿನಿಂದ ಹೇಳುತ್ತೇನೆ, ಕಾಲು ಚಾಚಿ ಕೂತು ಓದು.

ನಿನ್ನನ್ನು ಹಾಸ್ಟೆಲ್ಲಿಗೆ ಬಿಟ್ಟು ಬಂದ ಮೇಲೆ ಆ ಊರನ್ನು ನೀಲಮ ಎಷ್ಟು ಜೋಪಾನ ಮಾಡಿದಳೆಂದರೆ ನಮ್ಮ ಹೊಲಕ್ಕೂ ಅಂಥ ಆಳು ಸಿಗಲಾರ. ಸಾಲೆಯಿಂದ ಬಂದವಳೇ ಪುಸ್ತಕದಂತೆ ಮಡಚುವ ಆ ಚಿಕ್ಕ ವಿಡಿಯೋ ಗೇಮಿನ ಯಂತ್ರ ತೆರೆದು, ಕಸ ಕಿತ್ತು, ಹೂಗಿಡಕ್ಕೆ ನೀರು ಹಾಕಿ, ಊರೊಳಗಿನ ಆಡು, ಬಾತುಕೋಳಿ, ಕರಡಿ ಎಲ್ಲರ ಮನೆಗೂ ಹೋಗಿ ಮಾತನಾಡಿಸಿ, ಆಮೇಲೆ ಸಲಿಕೆ ಹಿಡಿಯುತ್ತಿದ್ದಳು. ನೆಲದಲ್ಲಿ ನಕ್ಷತ್ರದಂತೆ ಬಿರುಕು ಕಂಡಲ್ಲಿ ಅಗೆಯುವುದು, ಕಲ್ಲಾದ ಎಲುಬು ಸಿಕ್ಕರೆ ವಸ್ತುಸಂಗ್ರಹಾಲಯಕ್ಕೆ ಒಯ್ದು ಕನ್ನಡಕದ ಕೊಕ್ಕರೆ ಮಾಸ್ತರರಿಗೆ ತೋರಿಸುವುದು. ಅವರು ನೋಡಿ, ಇದು ಇಂಥ ಡೈನೋಸಾರಿನ ಇಂಥ ಭಾಗ ಎಂದು ಹೇಳುವುದು. ಅದರೊಳಗೆ ಬರುವ ಇಂಗ್ಲಿಷನ್ನು ನೀಲಮ ನನಗೆ ಓದಿ ಹೇಳುತ್ತಿದ್ದಳು. ಮುತ್ಯಾ ಮಾತ್ರ ಒಂದು ದಿನ ಬಗ್ಗಿ ನೋಡಿ, ಅಲ್ಲಿನ ಕುರಿ ಲಂಗ ತೊಟ್ಟು ತನ್ನ ಸ್ವಂತ ಮನೆಯಲ್ಲಿ ಕುರ್ಚಿಯ ಮೇಲೆ ಕೂತದ್ದು ಕಂಡು, "ಹಿಂಗಾದ್ರ ಉಣ್ಣಿ ಕತ್ತರಸೂದು ಹೆಂಗಲೇ?" ಎಂದು ಕೇಳಿದವರು ಮತ್ತೆ ಆ ಕಡೆ ತಿರುಗಲಿಲ್ಲ.

ನೀನು ಹೋಗುವಾಗ ಉದ್ದ ಕುತ್ತಿಗೆಯದರ ಮೈ ಸಿಕ್ಕಿತ್ತು, ಬಾಲ ಸಿಕ್ಕಿತ್ತು, ತಲೆಯೊಂದೇ ಬಾಕಿ. ತಲೆ ಸಿಕ್ಕಮೇಲೆ ಅಕ್ಕ ತಂಗಿ ಕೂಡಿಯೇ ಮೂರನ್ನೂ ಸಂಗ್ರಹಾಲಯಕ್ಕೆ ಕೊಟ್ಟು, ಅದು ಎದ್ದು ನಿಲ್ಲುವುದನ್ನು ಇಬ್ಬರೂ ಒಟ್ಟಿಗೆ ನೋಡಬೇಕೆಂದು ನೀವು ಮಾತು ಕಟ್ಟಿಕೊಂಡಿದ್ದಿರಿ. ಆ ತಲೆ ಆಷಾಢದಲ್ಲಿ ಸಿಕ್ಕಿತು. ನೀಲಮ ಯಂತ್ರವನ್ನು ಎದೆಗೆ ಅವಚಿಕೊಂಡು, "ಆಯೀ, ತಲಿ ಸಿಕ್ತು! ಅಕ್ಕಗ ಕಾಗದ ಬರೀ!" ಎಂದು ಕುಣಿಯುತ್ತ ಪಡಸಾಲೆಗೆ ಬಂದಳು. ಬಂದ ಹೊತ್ತು ಎಂಥದು ನೋಡು. ಪಡಸಾಲೆಯಲ್ಲಿ ನಿನ್ನಪ್ಪ, ಕಾಕಾ, ಊರಿನ ಹಿರಿಯರು ಕೂತು ಮನೆ ಪಾಲು ಮಾಡುತ್ತಿದ್ದರು. ಕುರಿ ಪಾಲಾಗಿದ್ದವು, ಹೊಲ ಪಾಲಾಗಿತ್ತು, ತಾಮ್ರದ ಹಂಡೆ ಯಾರಿಗೆ ಎಂಬ ಮಾತು ನಡೆದಿತ್ತು. ಮುತ್ಯಾ ತಲೆಯೆತ್ತಿ, "ಏನದು ಸಿಕ್ಕಿದ್ದು?" ಎಂದರು. ಹುಡುಗಿ ಖುಷಿಯಲ್ಲಿ ಎಲ್ಲ ಹೇಳಿಬಿಟ್ಟಳು. ಮಣ್ಣಲ್ಲಿ ಸಿಕ್ಕದ್ದು, ಬಹಳ ಹಳೆಯದು, ಇನ್ನೂ ಎರಡು ತುಂಡು ಇವೆ ಎಂದು. ಮುತ್ಯಾ ಗಂಭೀರವಾಗಿ, "ಮಣ್ಣಾಗ ಸಿಕ್ಕಿದ್ದು ಮನಿತನದ್ದು. ಅದೂ ಪಾಲಾಗಬೇಕು" ಎಂದುಬಿಟ್ಟರು!

ನಗಬೇಡ. ಆ ಹೊತ್ತಿಗೆ ಯಾರೂ ನಗಲಿಲ್ಲ. ಕುರಿ ಕಡಿದಾಗ ಪಾಲು ಹಾಕುವುದನ್ನು ನೀನು ನೋಡಿದ್ದೀ. ಮಾಂಸವನ್ನು ಗುಡ್ಡೆಗುಡ್ಡೆ ಮಾಡಿ ಎಲೆಯ ಮೇಲೆ ಇಡುತ್ತಾರೆ. ಒಬ್ಬ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಇನ್ನೊಬ್ಬ ಒಂದು ಗುಡ್ಡೆಗೆ ಬೊಟ್ಟು ಮಾಡಿ "ಇದು ಯಾರದು?" ಎಂದು ಕೇಳಿದರೆ, ಬೆನ್ನು ತಿರುಗಿಸಿದವ ಬಾಯಿಗೆ ಬಂದ ಹೆಸರು ಹೇಳುತ್ತಾನೆ. ಯಾರಿಗೆ ಎಲುಬು ಬಂತು, ಯಾರಿಗೆ ಮೆತ್ತನೆಯದು ಬಂತು ಎಂದು ದೂರಲು ಎಡೆಯೇ ಇಲ್ಲ. ನಿಮ್ಮ ಡೈನೋಸಾರಿಗೂ ಹಾಗೆಯೇ ಆಯಿತು. ನೀಲಮ ಕಣ್ಣಲ್ಲಿ ನೀರು ತುಂಬಿಕೊಂಡು ಮೂರೂ ತುಂಡುಗಳನ್ನು ಆಟದ ಅಂಗಳದಲ್ಲಿ ಸಾಲಾಗಿ ಇಟ್ಟಳು. ಬೆನ್ನು ತಿರುಗಿಸಿ ನಿಲ್ಲಲು ಮುತ್ಯಾ ನನ್ನನ್ನೇ ಕರೆದರು. "ಇದು ಯಾರದು?" ಎಂದರು. "ನೀಲಮಂದು" ಎಂದೆ. ತಲೆ ಅವಳಿಗೆ ಹೋಯಿತು. "ಇದು ಯಾರದು?" "ಕೋಮಲಂದು." ಬಾಲ ನಿನಗೆ ಬಂತು. ಮೈ ಉಳಿಯಿತು. ಅದು ಮುದುಕರ ಪಾಲು ಎಂದು ಮುತ್ಯಾ ತೀರ್ಮಾನ ಕೊಟ್ಟರು. ನೀವಿಬ್ಬರೂ ಚೇಷ್ಟೆಗೆಂದು ಅವರ ಹೆಸರಲ್ಲಿ ಒಂದು ಆಟದ ಮನೆ ಕಟ್ಟಿಸಿದ್ದಿರಲ್ಲ, ಅದರ ನಡುಮನೆಯಲ್ಲಿ ಮೈ ಹೋಗಿ ಕೂತಿತು. ತಲೆ ನೀಲಮಳ ಆಟದ ಮನೆಯಲ್ಲಿ, ಬಾಲ ನಿನ್ನ ಆಟದ ಮನೆಯಲ್ಲಿ. ಪ್ರಾಣಿ ಒಂದು, ಮನೆ ಮೂರು.

ಯಂತ್ರವನ್ನು ಮಾತ್ರ ಕಡಿಯಲು ಬರುವುದಿಲ್ಲವಲ್ಲ. ಒಂದು ಸೋಮವಾರದಿಂದ ಮುಂದಿನ ಸೋಮವಾರದವರೆಗೆ ಈಚೆ, ಆಮೇಲೆ ಆಚೆ ಎಂದಾಯಿತು. ಅಂಗಳದ ನಡುವೆ ಗೋಡೆ ಎದ್ದಿತು. ಗೋಡೆಗೆ ಬಾಗಿಲಿಲ್ಲ. ಸೋಮವಾರ ಬಂದರೆ ನಾನು ಯಂತ್ರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬೀದಿ ಸುತ್ತಿ ಆಚೆ ಕೊಟ್ಟು ಬರುತ್ತಿದ್ದೆ. ನಮ್ಮ ಪಾಳಿಯ ವಾರ ನಿನ್ನ ಪರವಾಗಿ ನಾನೇ ಸಲಿಕೆ ಹಿಡಿದೆ ಮಗಳೆ! ಮೊದಮೊದಲು ಬಿರುಕು ಬಿಟ್ಟು ಪಕ್ಕದಲ್ಲಿ ಅಗೆದು ನಾನೇ ಗುಂಡಿಗೆ ಬೀಳುತ್ತಿದ್ದೆ. ಒಮ್ಮೆ ಆಡಿನ ಮನೆ ಬಾಗಿಲಲ್ಲಿ ಗುಂಡಿ ತೋಡಿದೆ, ಅದು ನನ್ನ ಮೇಲೆ ಸಿಟ್ಟಾಗಿ ತಲೆಯ ಮೇಲೆ ಹೊಗೆ ಬಿಟ್ಟಿತು. ಅಮಾವಾಸ್ಯೆಗೆ ಮಾತ್ರ ಅಗೆಯಲಿಲ್ಲ. ಆಟವಾದರೂ ಮಣ್ಣು ಮಣ್ಣೇ. ನೀಲಮಳಿಗೆ ಬಹಳ ಸಲ ಹೇಳಿದೆ, ತಲೆ ಕೊಟ್ಟುಬಿಡು ಮಗಾ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದು. ಅವಳದು ಒಂದೇ ಮಾತು: "ನಮ್ಮ ಪಾಲು ನಾವು ಯಾಕ ಬಿಡೂದು, ಅಂತಾರ ಪಪ್ಪಾ."

ಆಮೇಲೆ ಬಂತು ಚಾರ್ಜಿಂಗಿನ ಜಗಳ. ಆಚೆಯಿಂದ ಬರುವಾಗ ಯಂತ್ರ ಸತ್ತೇ ಬರುತ್ತದೆ, ನಮ್ಮ ಮೀಟರಿನಲ್ಲಿ ಕರೆಂಟು ತುಂಬಿಸಿ ಆಚೆ ಕಳಿಸಬೇಕು, ಅವರು ಪುಗಸಟ್ಟೆ ಆಡಿ ಮತ್ತೆ ಸಾಯಿಸಿ ಕಳಿಸುತ್ತಾರೆ ಎಂದು ನಿನ್ನಪ್ಪನ ವಾದ. ಕಾಕಾನ ವಾದ ಇದರದೇ ತಿರುಗುಮುರುಗು. ನಿಜ ಹೇಳಬೇಕೆಂದರೆ ಮೀಸೆ ಬರುವವರೆಗೂ ಎಣ್ಣೆದೀಪದಲ್ಲಿ ಬೆಳೆದ ಗಂಡುಮಕ್ಕಳು ಇವರು, ಈಗ ಬೆರಳುದ್ದದ ಯಂತ್ರ ಕುಡಿಯುವ ಕರೆಂಟಿಗೆ ಬಡಿದಾಡುತ್ತಾರೆ. ಕೊನೆಗೆ ಕಾಕಾ ಗೋಡೆಯ ಆಚೆಯಿಂದಲೇ ಕೂಗಿದ: "ತಗದ ಬಿಡ್ರಿ ಅದನ್ನ! ನಿಪ್ಪಾಣಿ ಸಂತ್ಯಾಗ ಮಾರಿ, ಬಂದದ್ರಾಗ ಅರ್ಧ ಅರ್ಧ!" ನಿನ್ನಪ್ಪ ಈಚೆಯಿಂದ, "ಮಾರಲೇ, ನಾ ಯಾವಾಗ ಬ್ಯಾಡ ಅಂದೇನಿ?" ಎಂದ. ಮುತ್ಯಾ ಹೂಂ ಎಂದರು. ಕೂಡುಮನೆಯದೆಂದು ಉಳಿದಿದ್ದ ಕೊನೆಯ ವಸ್ತು ಅದು. ಅದೂ ಹೋದರೆ ಜಂಜಾಟ ಮುಗಿಯಿತು ಎಂದುಕೊಂಡರೋ ಏನೋ.

ಕೊಂಡವರು ಮೊದಲು ಮಾಡುವ ಕೆಲಸ ಹಳೆಯ ಊರು ಅಳಿಸಿ ಹೊಸದು ಹೂಡುವುದು ಎಂದು ನೀಲಮ ಹೇಳಿದ್ದಳು. ನೀವಿಬ್ಬರೂ ನೆಟ್ಟ ಗಿಡ, ನಿಮ್ಮಿಬ್ಬರ ಮನೆ, ಕೊಕ್ಕರೆ ಮಾಸ್ತರರ ಸಂಗ್ರಹಾಲಯ ಎಲ್ಲವೂ ಒರೆಸಿದ ಪಾಟಿಯಂತೆ ಆಗಿಬಿಡುತ್ತಿತ್ತು. ನೀನು ರಜೆಗೆ ಬಂದು, ಎಲ್ಲಿ ಆಯೀ ಎಂದರೆ ನಾನು ಏನು ಹೇಳಲಿ? ಅಕ್ಕ ತಂಗಿ ಮತ್ತೆ ಯಾವ ನೆವದಿಂದ ಒಂದೇ ಚಾಪೆಯ ಮೇಲೆ ಕೂಡುತ್ತೀರಿ? ಮನೆ ಒಡೆದಾಗ ನಾನು ಬಾಯಿ ಬಿಡಲಿಲ್ಲ. ಬೆಳೆದ ಮಕ್ಕಳು, ಬೇರೆಯಾಗಲಿ ಎಂದೆ. ಇದಕ್ಕೆ ಮಾತ್ರ ಸುಮ್ಮನಿರಬಾರದು ಎಂದು ಸೆರಗು ಸಿಗಿಸಿಕೊಂಡೆ.

ಸಂತೆಯ ಮುನ್ನಾದಿನ ಸಂಜೆ, ಕುರಿಗಳು ಹಟ್ಟಿಗೆ ಬಂದ ಮೇಲೆ, ಯಂತ್ರವನ್ನು ಇಬ್ಬರ ಎದುರಿಗೇ ಚೀಲಕ್ಕೆ ಹಾಕಬೇಕೆಂದು ನಿನ್ನಪ್ಪನೂ ಕಾಕಾನೂ ಬೀದಿಯ ಕಟ್ಟೆಗೆ ಬಂದರು. ಒಬ್ಬ ಪೂರ್ವಕ್ಕೆ ಮುಖ, ಒಬ್ಬ ಪಶ್ಚಿಮಕ್ಕೆ. ನಡುವೆ ಮುತ್ಯಾ. ನೀಲಮ ತನ್ನ ಬಾಗಿಲಲ್ಲೇ ನಿಂತಿದ್ದಳು. ನಾನು ಯಂತ್ರ ಹಿಡಿದು ಬಂದು ಮುತ್ಯಾನ ಮುಂದೆ ಕೂತೆ. "ಅಲ್ರೀ, ಒಂದ ಮಾತು ಕೇಳತೀನಿ. ಆಷಾಢದಾಗ ಕುರಿ ಪಾಲು ಮಾಡಿದ್ರಿ. ಆ ಕಡಿ ಈ ಕಡಿ ಸಮ ಆಗಿ, ಒಂದ ಟಗರು ಉಳೀತು. ಅದನ್ನ ಏನ ಮಾಡಿದ್ರಿ?" ಎಂದೆ. "ಏನ ಮಾಡೂದು? ರೂಢಿ ಹೆಂಗ ಐತಿ ಹಂಗ. ಬೀರಪ್ಪಗ ಬಿಟ್ಟೆ" ಎಂದರು. "ಯಾಕ? ಕಡದು ಅರ್ಧ ಅರ್ಧ ಹಂಚಬೇಕಿತ್ತಲ್ಲ?" "ಹುಚ್ಚಿ ಅದೀಯೇನ? ಉಳಿದ ಜೀವಾ ದೇವರದು. ಇಬ್ಬರೂ ಮೇಸಬೇಕು, ಇಬ್ಬರೂ ನನ್ನದು ಅನ್ನಬಾರದು." ಕಾಕಾನೂ ನಿನ್ನಪ್ಪನೂ ತಂತಮ್ಮ ದಿಕ್ಕಿಗೆ ನೋಡುತ್ತಲೇ ತಲೆಯಾಡಿಸಿದರು. "ಹಂಗಾದ್ರ ಈ ಜೀವಾನ ಯಾಕ ಗುಡ್ಡಿ ಹಾಕಿದ್ರಿ?" ಎಂದೆ. ಮುತ್ಯಾ ನಕ್ಕುಬಿಟ್ಟರು. "ಇದು ಜೀವಾ ಎಲ್ಲಿ ಐತಿ ದುಂಡಿ? ಎಲುಬು. ಸತ್ತದ್ದು. ಸತ್ತದ್ದಕ್ಕ ಗುಡ್ಡಿನ ಪದ್ಧತಿ."

ಬಾಯಿಂದ ವಾದ ಮಾಡಿದರೆ ನಾನು ಅವರನ್ನು ಎಂದಾದರೂ ಗೆದ್ದಿದ್ದೇನೆಯೇ? ಸುಮ್ಮನೆ ಯಂತ್ರ ತೆರೆದು, ಆಟದೊಳಗೆ ನಡೆಯುತ್ತ ಸಂಗ್ರಹಾಲಯದೊಳಗೆ ಹೋಗಿ ಅವರ ಮುಂದೆ ಹಿಡಿದೆ. ನೀವಿಬ್ಬರೂ ಹಿಂದೆಯೇ ಪೂರ್ತಿ ಮಾಡಿದ ಆ ಮೂರು ಕೊಂಬಿನ ಡೈನೋಸಾರ್ ಇದೆಯಲ್ಲ, ಅದರ ಎದುರು ನಿಲ್ಲಿಸಿದೆ. ಮುತ್ಯಾ ಮೊದಲು ಓರೆಗಣ್ಣಲ್ಲಿ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡರು. ಆಮೇಲೆ ಯಂತ್ರವನ್ನು ನನ್ನ ಕೈಯಿಂದ ಇಸಿದುಕೊಂಡರು. ಜನ್ಮವೆಲ್ಲ ಜಾನುವಾರಿನ ಮೊಣಕಾಲು, ಗೊರಸು, ಹಲ್ಲು ನೋಡಿದ ಕಣ್ಣು ಅವು. "ಮುಂದಿನ ಕಾಲ ಗಿಡ್ಡ ಅದಾವ. ತಲಿ ಬಗ್ಗಿಸಿ ಮೇಯೋ ಜಾತಿ" ಎಂದರು. "ಹಲ್ಲ ನೋಡಲೇ ಬೀರ್ಯಾ, ಇದು ಹಲ್ಲು ಮಾಂಸದ್ದಲ್ಲ." ನಿನ್ನಪ್ಪ ಬಗ್ಗಿ ನೋಡಿದ. ನಾನು ಸಂಗ್ರಹಾಲಯದಲ್ಲೇ ಪಕ್ಕದ ಖಾಲಿ ಕಟ್ಟೆಯ ಹತ್ತಿರ ಹೋಗಲು ಹೇಳಿದೆ. ಅಷ್ಟು ದೊಡ್ಡ ಕಟ್ಟೆ, ಮೇಲೆ ಏನೂ ಇಲ್ಲ. "ಉದ್ದ ಕುತಗಿದ್ದು ಇಲ್ಲಿ ನಿಲ್ಲಬೇಕಾಗಿತ್ತು" ಎಂದೆ. "ಉದ್ದ ಅಂದ್ರ?" "ಬೇವಿನ ಗಿಡದ ತುದಿ ಮುಟ್ಟೂವಷ್ಟು." ಮುತ್ಯಾ ಕತ್ತೆತ್ತಿ ಬೇವಿನ ತುದಿ ನೋಡಿದರು. ಆಮೇಲೆ, "ಹಂಗಾದ್ರ ತುದಿ ಟೊಂಗಿ ಮೇಯ್ತಿತ್ತು ಅದು. ಕೋಲು ಹಾಕಿ ಸೊಪ್ಪು ಕೆಡವೂದ ಬ್ಯಾಡ ಅದಕ್ಕ" ಎಂದು ಮೆಲ್ಲಗೆ ಹೇಳಿ, ಒಮ್ಮೆಲೇ ತೊಡೆ ತಟ್ಟಿಕೊಂಡರು. "ಅಯ್ಯ ಇವನೌನ! ಮೇಯೋ ಜೀವಾನ ಗುಡ್ಡಿ ಹಾಕಿದ್ನೇನಲೇ ನಾ! ಬೀರಪ್ಪ ಮೆಚ್ಚತಾನೇನು? ನಡಿ ದುಂಡೀ, ನನ್ನ ಮನಿಗೆ ನಡಿ!"

ಎದ್ದು ಬಾಗಿಲ ಕಡೆ ಹೊರಟೇಬಿಟ್ಟರು, ನಾನು ರಟ್ಟೆ ಹಿಡಿದು ಕೂಡಿಸಿದೆ. ಆಟದ ಮನೆಗೆ, ನಿಜ ಮನೆಗಲ್ಲ. ಆಟದೊಳಗಿನ ಅವರ ಹೆಸರಿನ ಮನುಷ್ಯನಿಂದಲೇ ಅವರ ಮನೆಯಲ್ಲಿದ್ದ ಮೈಯನ್ನು ಎತ್ತಿಸಿ ಕೊಕ್ಕರೆ ಮಾಸ್ತರರ ಕೈಗೆ ಕೊಡಿಸಿದೆ. ಮುತ್ಯಾ ತಾವೂ ಕೈ ಮುಗಿದರು, ಅದನ್ನು ನೋಡಿ ನಿನ್ನಪ್ಪ ನಗಲೋ ಬೇಡವೋ ಎಂದು ಮೀಸೆ ಹಿಡಿದುಕೊಂಡ. ಮುಂದಿನ ಗಳಿಗೆಗೆ ಕಟ್ಟೆಯ ಮೇಲೆ ಆ ಮೈ ಎದ್ದು ನಿಂತಿತು. ನಾಲ್ಕು ಕಂಬದಂಥ ಕಾಲು, ಪಕ್ಕೆಲುಬು ನಮ್ಮ ಹಳೆಯ ಜಂತಿಗಳಂತೆ. ತಲೆಯಿಲ್ಲ, ಬಾಲವಿಲ್ಲ. ಆಗ ಆಚೆಯ ಬಾಗಿಲಿಂದ ನೀಲಮ ಬಂದಳು ನೋಡು, ಓಡುವುದರಲ್ಲಿ ನೀನೇ ಎಂದುಕೊಂಡಿದ್ದೆ ನಾನು! ಕಾಕಾನ ಕಡೆ ತಿರುಗಿಯೂ ನೋಡದೆ, "ಪಪ್ಪಾ, ಬೈತಿದ್ರ ಆಮ್ಯಾಲ ಬೈರಿ, ನಾ ನನ್ನ ತಲಿ ಕೊಡಾಕತ್ತೀನಿ!" ಎಂದವಳೇ ಯಂತ್ರ ಕಿತ್ತುಕೊಂಡು ಅಲ್ಲೇ ಮಣ್ಣಲ್ಲಿ ಕೂತುಬಿಟ್ಟಳು. ಕೊಕ್ಕರೆ ಮಾಸ್ತರ ರೆಕ್ಕೆ ಬಡಿದು ಏನೋ ದೊಡ್ಡ ಭಾಷಣ ಮಾಡಿದರು. ಅದನ್ನು ಓದಿ ಹೇಳಲು ಅವಳಿಗೆ ಪುರಸೊತ್ತಿರಲಿಲ್ಲ. ಕುತ್ತಿಗೆ ಎದ್ದಿತು ಮಗಳೆ! ಎದ್ದಿತು, ಎದ್ದಿತು, ಕೆಳಗಿನ ಪರದೆ ಸಾಲದೆ ಮೇಲಿನ ಪರದೆಗೂ ಹೋಯಿತು. ತುದಿಯಲ್ಲಿ ಪುಟ್ಟ ತಲೆ, ನಮ್ಮ ಕಡೆಯೇ ಬಗ್ಗಿ ನೋಡುತ್ತಿದ್ದಂತೆ. ಮುತ್ಯಾ, "ಹೋಯ್!" ಎಂದು ಕುರಿ ಮಂದೆಗೆ ಕೂಗುವ ದನಿಯಲ್ಲಿ ಕೂಗಿದರು. ಹಟ್ಟಿಯ ಕುರಿಗಳೆಲ್ಲ ತಲೆಯೆತ್ತಿದವು.

ಕಾಕಾ ಬಯ್ಯಲಿಲ್ಲ. ಬಗ್ಗಿ ನೋಡಿದ, ನಿನ್ನಪ್ಪನೂ ಬಗ್ಗಿ ನೋಡುತ್ತಿದ್ದ, ಇಬ್ಬರ ತಲೆಗೆ ತಲೆ ತಾಗಿತು. "ನೋಡಿ ಬಗ್ಗಲೇ" ಎಂದ ನಿನ್ನಪ್ಪ. "ನೀನ ದೊಡ್ಡವ, ನೀನ ನೋಡಿ ಬಗ್ಗಬೇಕು" ಎಂದ ಕಾಕಾ. ಆಷಾಢದಿಂದ ಈಚೆಗೆ ಎದುರಾಬದುರು ಆಡಿದ ಮೊದಲ ಮಾತು ಅದು! ಮುತ್ಯಾ ಗಂಟಲು ಸರಿಮಾಡಿಕೊಂಡು ಹೊಸ ತೀರ್ಮಾನ ಕೊಟ್ಟರು: ಯಂತ್ರ ಬೀರಪ್ಪನ ಟಗರಿನ ಹಾಗೆ. ಮಾರುವಂತಿಲ್ಲ, ಪಾಲು ಮಾಡುವಂತಿಲ್ಲ, ಇಬ್ಬರೂ ಮೇಯಿಸಬೇಕು. ಮೇಯಿಸುವುದೆಂದರೆ ಚಾರ್ಜು ಮಾಡುವುದು. ಕೂಡಲೇ ಕಾಕಾ, "ಚಾರ್ಜರು ನಮ್ಮ ಮನ್ಯಾಗ ಇರ್ಲಿ" ಎಂದ. "ಯಾಕ, ನಮ್ಮ ಮನ್ಯಾಗ ಕರೆಂಟ ಇಲ್ಲೇನು?" ಎಂದ ನಿನ್ನಪ್ಪ. ಈಗ ದಿನಾ ಅದೇ ಜಗಳ, ಆದರೆ ತಾವೇ ತುಂಬಿಸುತ್ತೇವೆಂದು. ಸಾರಿಕಾ ಚಹಾ ಮಾಡಿ ತಂದಳು, ನಿನ್ನವ್ವ ಅದಕ್ಕೆ ಸಕ್ಕರೆ ಕಡಿಮೆ ಎಂದಳು. ಸಂತೆಗೆಂದು ತೆಗೆದಿಟ್ಟ ಚೀಲದಲ್ಲಿ ಮಾರನೆಯ ದಿನ ಬರೀ ಉಳ್ಳಾಗಡ್ಡಿ ಬಂತು.

ಇನ್ನೂ ಬರೆಯುವುದಿದೆ, ಆದರೆ ಮುತ್ಯಾ ಪಕ್ಕದಲ್ಲಿ ಕೂತು, ಆ ಮೂರು ಕೊಂಬಿನದಕ್ಕೆ ಒಂದು ಹೆಸರು ಇಡಬೇಕು, ನಿನ್ನನ್ನು ಕೇಳಬೇಕು ಎಂದು ಪೀಡಿಸುತ್ತಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ಓಡುವಾಗ ಕಾಲು ನೋಡಿಕೋ, ಸೋತವರನ್ನು ಆಡಿಕೊಳ್ಳಬೇಡ. ಸುಂದರಾಳಿಗೆ ನನ್ನ ಮುದ್ದು. ಬೀರಪ್ಪ ನಿನ್ನ ಕಾಲಲ್ಲಿ ಬಲ ಇಡಲಿ, ನಿನ್ನ ಎದೆಯಲ್ಲಿ ಧೈರ್ಯ ಇಡಲಿ.

ನಿನ್ನ ಆಯಿ,
ದುಂಡವ್ವ

ತಾ.ಕ.: ಬಾಲದ ಮಾತನ್ನೇ ಬರೆಯಲಿಲ್ಲ ನೋಡು! ಅದು ಇನ್ನೂ ನಿನ್ನ ಆಟದ ಮನೆಯಲ್ಲೇ ಇದೆ. ಆ ಸಂಜೆ ಮುತ್ಯಾ ಅದನ್ನೂ ತಗೊಂಡು ಬಾ ಎಂದರು, ನಾನೂ ಎದ್ದಿದ್ದೆ. ನೀಲಮ ಯಂತ್ರವನ್ನು ಬೆನ್ನ ಹಿಂದೆ ಅಡಗಿಸಿಕೊಂಡು, "ಅಕ್ಕನ ಮನಿ ಬಾಗಲಾ ಅಕ್ಕನ ತೆರೀಬೇಕು, ಅಲ್ಲೀತನಾ ಬಾಲ ಇಲ್ದಂಗ ನಿಲ್ಲಲಿ" ಎಂದಳು. ದೀಪಾವಳಿಗೆ ನೀನೇ ಬಂದು ನಿನ್ನ ಕೈಯಿಂದ ಬಾಲ ಕೊಡಬೇಕು. ನಿನ್ನನ್ನು ಕರೆದುಕೊಂಡು ಬರಲು ಧಾರವಾಡಕ್ಕೆ ಯಾರು ಬರಬೇಕೆಂದು ಅಪ್ಪನಿಗೂ ಕಾಕಾನಿಗೂ ಮತ್ತೆ ಜಗಳವಾಯಿತು, ಕೊನೆಗೆ ಇಬ್ಬರೂ ಕೂಡಿಯೇ ಬರುತ್ತಾರೆ. ಹಾಸ್ಟೆಲ್ ಯಾವ ದಿನ ಬಿಡುತ್ತದೆಂದು ಈ ಕಾಗದ ಮುಟ್ಟಿದ ದಿನವೇ ಬರಿ ಮಗಳೆ, ಇಬ್ಬರೂ ಆಗಲೇ ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ದಾರೆ.